ಎ-2, ಜಿ-1, ಬಿ-3: ಹಳೇ ಕಾಲದ ಪೈಲಟ್ ಲೆದರ್ ಜಾಕೆಟ್ ಪ್ರಿಯರ ಎಳೆ, ಬಳ್ಳಾರಿ–ರಾಯಚೂರು–ಕೊಪ್ಪಳ

ಕೋಟೆಗುಡ್ಡ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬೈಕ್ ಗುಂಪಿನಲ್ಲಿ ಈ ಜಾಕೆಟ್‌ಗಳ ಮಾತು ಆಗಾಗ ಬರುತ್ತದೆ. ಮೇಲೆ ಹತ್ತು ಬೇರೆ ಮಾತು ಬಂದು ಅದು ಕೆಳಗೆ ಹೋಗಿಬಿಡುತ್ತದೆ. ಅದಕ್ಕೇ ಈ ಎಳೆ. ಫೋಟೋ ಹಾಕಿ, ಕೇಳಿ, ವಾದ ಮಾಡಿ.

ನನಗೆ ಎಲ್ಲಕ್ಕಿಂತ ಇಷ್ಟ ಎ-2. 1931ರ ಮೇ ತಿಂಗಳಲ್ಲಿ ಅಮೆರಿಕದ ಸೇನೆಯ ವಾಯುದಳ ಇದನ್ನು ಒಪ್ಪಿಕೊಂಡಿತು. ಅದಕ್ಕೂ ಮುಂಚೆ 1927ರ ಎ-1 ಇತ್ತು. ಅದಕ್ಕೆ ಮುಂದೆ ಗುಂಡಿ, ಕೊರಳಿಗೆ ಉಣ್ಣೆಯ ಪಟ್ಟಿ. ಎ-2ಗೆ ಬರುವಾಗ ಗುಂಡಿ ಹೋಗಿ ಜಿಪ್ ಬಂತು, ಉಣ್ಣೆ ಪಟ್ಟಿ ಹೋಗಿ ಲೆದರ್ ಕಾಲರ್ ಬಂತು. ಗಾಳಿಗೆ ಕಾಲರ್ ಹಾರಿ ಮುಖಕ್ಕೆ ಬಡಿಯಬಾರದು, ಅದಕ್ಕೆ ತುದಿಯ ಅಡಿಯಲ್ಲಿ ಕಾಣದ ಹಾಗೆ ಟಿಚ್ ಬಟನ್. ಕೊರಳಿಗೆ ಒಂದು ಕೊಕ್ಕೆ. ಜಿಪ್ಪಿನ ಸಂದಿಯಲ್ಲಿ ಗಾಳಿ ನುಗ್ಗದಂತೆ ಒಳಗೆ ಒಂದು ಲೆದರ್ ಪಟ್ಟಿ. ಮುಂಗೈಗೆ, ಸೊಂಟಕ್ಕೆ ಉಣ್ಣೆಯ ನಿಟ್. ಉದ್ದ ಸೊಂಟಕ್ಕೇ ಮುಗಿಯುತ್ತದೆ, ಯಾಕೆಂದರೆ ಪೈಲಟ್ ಗಂಟೆಗಟ್ಟಲೆ ಕೂತಿರುವವನು. ಉದ್ದ ಜಾಸ್ತಿ ಇದ್ದರೆ ತೊಡೆಯ ಮೇಲೆ ಮುದ್ದೆಯಾಗಿ ಕೂರುತ್ತದೆ. ಕಿಸೆ ಎರಡೇ, ಮೇಲಿನಿಂದ ಮುಚ್ಚಳ. ಪಕ್ಕದಿಂದ ಕೈ ತೂರಿಸಲು ಜಾಗ ಇಲ್ಲ. ಸಿಪಾಯಿ ಕಿಸೆಯಲ್ಲಿ ಕೈ ಇಟ್ಟುಕೊಂಡು ನಿಲ್ಲಬಾರದು ಅನ್ನುವ ಶಿಸ್ತು ಅದು.

ಬೆನ್ನು ನೋಡಿ. ಒಂದೇ ತುಂಡು, ನಡುವೆ ಹೊಲಿಗೆ ಇಲ್ಲ. ಈಗ ಅಂಗಡಿಯಲ್ಲಿ ಸಿಗುವ ಜಾಕೆಟ್‌ಗಳಲ್ಲಿ ನಾಲ್ಕೈದು ತುಂಡು ಸೇರಿಸಿ ಬೆನ್ನು ಮಾಡಿರುತ್ತಾರೆ, ಅದನ್ನೇ ಡಿಸೈನ್ ಅನ್ನುತ್ತಾರೆ. ನಿಜ ಏನೆಂದರೆ ಸಣ್ಣ ತುಂಡು ಜೋಡಿಸಿದರೆ ತೊಗಲು ಉಳಿಯುತ್ತದೆ, ಅಷ್ಟೇ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಈ ಜಾಕೆಟ್ಟಿಗೆ ಜಪಾನಿನ, ಇಂಗ್ಲೆಂಡಿನ ಬೆಲೆ ಕೊಡಬೇಕಾಗಿಲ್ಲ. ಆಡಿನ ತೊಗಲು ನಮ್ಮ ದೇಶದಲ್ಲೇ ಬೇಕಾದಷ್ಟು ಹದವಾಗುತ್ತದೆ. ದಪ್ಪ ಬಟ್ಟೆ ಹೊಲಿಯುವ ಕೈಗಳು ಬಳ್ಳಾರಿಯ ಓಣಿ ಓಣಿಯಲ್ಲಿವೆ. ಕಟಿಂಗ್ ಸರಿಯಾಗಿ ಬಂದರೆ ಇಲ್ಲೇ ಒಳ್ಳೆಯ ಎ-2 ಆಗುತ್ತದೆ.

ರಾಯಚೂರು ಥಂಡರ್

ಅಣ್ಣಾ, ಈ ಎಳೆಗೆ ಕಾಯುತ್ತಿದ್ದೆ. ನನ್ನ ಕನಸು ಮಾತ್ರ ಬಿ-3. ಆ ದೊಡ್ಡ ಉಣ್ಣೆ ಕಾಲರ್, ಕೊರಳಿಗೆ ಎರಡು ಬೆಲ್ಟ್! ರಾಯಚೂರಿನಲ್ಲಿ ಡಿಸೆಂಬರ್ ನಸುಕಿನಲ್ಲಿ ಹಾಕಬಹುದಾ?

ಕೋಟೆಗುಡ್ಡ, ಬಳ್ಳಾರಿ

ತಮ್ಮಾ, ಬಿ-3 ಹುಟ್ಟಿದ್ದು 1934ರಲ್ಲಿ, ಎತ್ತರದಲ್ಲಿ ಹಾರುವ ಬಾಂಬರ್‌ಗಳಿಗೆ. ಬಿ-17 ವಿಮಾನದ ಪಕ್ಕದ ಕಿಟಕಿ ತೆರೆದಿಟ್ಟು ಗನ್ ಹಿಡಿದು ನಿಲ್ಲುವವರಿಗೆ ಮೈನಸ್ 40, ಮೈನಸ್ 50 ಡಿಗ್ರಿಯ ಗಾಳಿ ಹೊಡೆಯುತ್ತಿತ್ತು. ಅದಕ್ಕೆ ಉಣ್ಣೆ ಸಮೇತ ಹದ ಮಾಡಿದ ಕುರಿ ತೊಗಲು, ಉಣ್ಣೆ ಮೈ ಕಡೆಗೆ. ಬ್ರಿಟನ್ನಿನ ಇರ್ವಿನ್ ಜಾಕೆಟ್ಟೂ ಇದೇ ಜಾತಿ. ಅದನ್ನು ರೂಪಿಸಿದ ಲೆಸ್ಲಿ ಇರ್ವಿನ್ ಪ್ಯಾರಾಚೂಟ್ ಮಾಡುತ್ತಿದ್ದವರು. 1919ರಲ್ಲಿ ವಿಮಾನದಿಂದ ಹಾರಿ, ಗಾಳಿಯಲ್ಲಿ ತಾವೇ ಹಗ್ಗ ಎಳೆದು ಪ್ಯಾರಾಚೂಟ್ ಬಿಚ್ಚಿ ಇಳಿದು ತೋರಿಸಿದವರು.

ರಾಯಚೂರಿನಲ್ಲಿ ಅದನ್ನು ಹಾಕಿದರೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆಯೇ ಬೆವರುತ್ತೀಯ. ನಮ್ಮ ಹವೆಗೆ ಎ-2 ಅಥವಾ ಅಮೆರಿಕದ ನೌಕಾದಳದ ಪೈಲಟ್ ಜಾಕೆಟ್ ಜಿ-1, ಅದೂ ಆಡಿನ ತೊಗಲು, ಹತ್ತಿಯ ಅಸ್ತರು.

ಕುಷ್ಟಗಿ ಕಂಬಳಿ

ನಮ್ಮ ಮನೆಯಲ್ಲಿ ಕುರಿ ಇವೆ. ಬಳ್ಳಾರಿ ಕುರಿ ಅಂತಲೇ ತಳಿ ಇದೆಯಲ್ಲ, ಅದರ ತೊಗಲಿನಲ್ಲಿ ಬಿ-3 ಥರದ್ದು ಮಾಡಲು ಆಗುವುದಿಲ್ಲವಾ? ಸುಮ್ನೆ ಕುತೂಹಲ.

ಕೋಟೆಗುಡ್ಡ, ಬಳ್ಳಾರಿ

ಒಳ್ಳೆಯ ಪ್ರಶ್ನೆ. ಬಿ-3ಗೆ ಬೇಕಾಗಿರುವುದು ಒತ್ತಾದ, ನಯವಾದ ಉಣ್ಣೆ, ಮೆರಿನೋ ಜಾತಿಯದ್ದು. ಬಳ್ಳಾರಿ ಕುರಿಯ ಉಣ್ಣೆ ಒರಟು, ಕೂದಲಿನಂಥದ್ದು, ಬಿಡಿಬಿಡಿ. ಕಂಬಳಿಗೆ ಅದೇ ಸರಿ, ಮಳೆಗೂ ಚಳಿಗೂ ತಡೆಯುತ್ತದೆ. ಒಳಗೆ ಮೆತ್ತಗೆ ಮೈಗೆ ಅಂಟುವ ಕೆಲಸಕ್ಕೆ ಅದು ಬರುವುದಿಲ್ಲ. ಇನ್ನು ಉಣ್ಣೆ ತೆಗೆದ ಬರೀ ಕುರಿ ತೊಗಲು ಅಂದರೆ ಬಹಳ ಮೃದು, ಕೈಗೆ ಹಿತ, ಆದರೆ ಬೇಗ ಹರಿಯುತ್ತದೆ. ಅಂಗಡಿಯಲ್ಲಿ ‘ಅಬ್ಬಾ ಎಷ್ಟು ಸಾಫ್ಟ್’ ಅನ್ನಿಸುವ ಜಾಕೆಟ್ ಬಹಳಷ್ಟು ಸಲ ಅದೇ. ಮೊಳೆಗೆ ಸಿಕ್ಕರೆ ಮುಗಿಯಿತು.

ಸೂಜಿ ನಂಬರ್ 21

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನು. ಒಂದಿಷ್ಟು ಲೆದರ್ ಕೆಲಸವನ್ನೂ ಮಾಡಿದ್ದೇನೆ. ಕೋಟೆಗುಡ್ಡ ಅಣ್ಣ ಹೇಳಿದಷ್ಟು ಸಲೀಸಲ್ಲ, ಆದರೆ ಆಗದ ಕೆಲಸವೂ ಅಲ್ಲ. ಎಲ್ಲಿ ಕಷ್ಟ ಅಂತ ಹೇಳುತ್ತೇನೆ.

ಜೀನ್ಸಿನಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚುತ್ತೇವೆ, ಮತ್ತೆ ಹೊಲಿಯುತ್ತೇವೆ. ಒಂದು ವಾಷ್ ಕೊಟ್ಟರೆ ತೂತು ಕಾಣುವುದಿಲ್ಲ. ತೊಗಲಿನಲ್ಲಿ ಸೂಜಿ ಹೋದ ತೂತು ಹೋದ ಹಾಗೇ, ಅದು ಮುಚ್ಚುವುದಿಲ್ಲ. ಹಾಗಾಗಿ ಟಾಚಣಿ ಚುಚ್ಚುವ ಹಾಗಿಲ್ಲ. ರಬ್ಬರ್ ಸಲ್ಯೂಷನ್ ಹಚ್ಚಿ ಅಂಚು ಮಡಚಿ, ಮರದ ಸುತ್ತಿಗೆಯಲ್ಲಿ ತಟ್ಟಿ ಕೂರಿಸಬೇಕು. ಹೊಲಿಗೆ ಒತ್ತೊತ್ತಾಗಿ ಹಾಕುವ ಹಾಗೂ ಇಲ್ಲ. ಬಟ್ಟೆಗೆ ಒತ್ತು ಹೊಲಿಗೆ ಬಲ, ತೊಗಲಿಗೆ ಒತ್ತು ಹೊಲಿಗೆ ಅಂದರೆ ತೂತಿನ ಸಾಲು, ಎಳೆದರೆ ಅಲ್ಲೇ ಹರಿಯುತ್ತದೆ. ಇಂಚಿಗೆ ಎಂಟು ಹೊಲಿಗೆ ಸಾಕು.

ಸೂಜಿಯೂ ಬೇರೆ. ಜೀನ್ಸ್ ಸೂಜಿಯ ಮೊನೆ ದುಂಡಗೆ, ನೂಲಿನ ಸಂದಿಯಲ್ಲಿ ದಾರಿ ಮಾಡಿಕೊಂಡು ಹೋಗುತ್ತದೆ. ಲೆದರ್ ಸೂಜಿಯ ಮೊನೆ ಚಾಕುವಿನ ಹಾಗೆ ಕೊಯ್ಯುತ್ತದೆ. ಮೆಷಿನ್ನಿನ ಕೆಳಗಿನ ಹಲ್ಲು ತೊಗಲಿನ ಮೇಲೆ ಗುರುತು ಬಿಡುತ್ತದೆ, ಮೇಲಿನ ಕಬ್ಬಿಣದ ಪಾದ ಅಂಟಿಕೊಂಡು ಜಗ್ಗುತ್ತದೆ. ಪಾದಕ್ಕೆ ಟೆಫ್ಲಾನ್ ಹಾಕಿಸಬೇಕು, ಇಲ್ಲವೇ ರೋಲರ್ ಪಾದ.

ಕಾಲರ್ ಮೂಲೆ ಅಂತೂ ಪರೀಕ್ಷೆ. ಅಲ್ಲಿ ನಾಲ್ಕು ಪದರ ಒಟ್ಟಿಗೆ ಬರುತ್ತವೆ. ಅಂಚನ್ನು ಒಳಗಿನಿಂದ ಕೆರೆದು ತೆಳ್ಳಗೆ ಮಾಡದಿದ್ದರೆ ಮೂಲೆ ಗಡ್ಡೆ ಕಟ್ಟುತ್ತದೆ. ಆ ಕೆಲಸಕ್ಕೆ ನಾನು ಚಪ್ಪಲಿ ಮಾಡುವ ಹಿರಿಯರೊಬ್ಬರ ಹತ್ತಿರ ಹೋಗುತ್ತೇನೆ. ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ತೊಗಲಿನ ಅಂಚು ಇಟ್ಟುಕೊಂಡು, ಬಾಯಿ ಅಗಲದ ಕತ್ತಿಯಲ್ಲಿ ಒಂದೇ ಎಳೆತಕ್ಕೆ ಕಾಗದದಷ್ಟು ತೆಳ್ಳಗಿನ ಸಿಪ್ಪೆ ತೆಗೆಯುತ್ತಾರೆ. ಮೇಲಿನ ಮೈಗೆ ಒಂದು ಗೀರೂ ಬೀಳುವುದಿಲ್ಲ. ಆ ಕೈ ನನಗೆ ಬರುವುದಿಲ್ಲ, ಮೆಷಿನ್ನಿಗಂತೂ ಬರುವುದೇ ಇಲ್ಲ. ಇಂಥ ಜಾಕೆಟ್ ಇಲ್ಲಿ ಆಗಬೇಕಾದರೆ ಅವರ ಕೂಲಿಯನ್ನು ಮೊದಲು ಲೆಕ್ಕಕ್ಕೆ ಹಿಡಿಯಬೇಕು.

ಕೋಟೆಗುಡ್ಡ, ಬಳ್ಳಾರಿ

ಅಣ್ಣಾ, ಇದನ್ನು ಬರೆದಿದ್ದಕ್ಕೆ ದೊಡ್ಡ ನಮಸ್ಕಾರ. ಕೂಲಿಯ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಹೊರದೇಶದ ಜಾಕೆಟ್ಟಿಗೆ ಲಕ್ಷ ಕೊಡಲು ತಯಾರಿರುವವರು ಇಲ್ಲಿನ ಕೈಗೆ ನೂರು ರೂಪಾಯಿಗೆ ಚೌಕಾಸಿ ಮಾಡಬಾರದು.

ಗೊಂಬೆತೊಗಲು

ಬಳ್ಳಾರಿಯವಳು, ತೊಗಲು ಗೊಂಬೆಯಾಟದ ಹುಚ್ಚು. ಜಾಕೆಟ್ ವಿಷಯ ಓದಲು ಬಂದವಳಿಗೆ ಆಡಿನ ತೊಗಲಿನ ಮಾತು ಕಂಡು ಖುಷಿಯಾಯಿತು. ನಮ್ಮ ಜಿಲ್ಲೆಯ ಬೆಳಗಲ್ಲು ವೀರಣ್ಣನವರ ಗೊಂಬೆಗಳನ್ನು ಹತ್ತಿರದಿಂದ ನೋಡಿದವರಿಗೆ ಆಡಿನ ತೊಗಲಿನ ತಾಕತ್ತು ಗೊತ್ತಿರುತ್ತದೆ. 2023ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡರು, ಗೊಂಬೆಗಳು ಇನ್ನೂ ಕುಣಿಯುತ್ತಿವೆ. ಗೊಂಬೆಗೆ ಹದ ಮಾಡಿದ ಲೆದರ್ ಬಳಸುವುದಿಲ್ಲ. ಕೂದಲು ತೆಗೆದು, ಕೆರೆದು, ಬಿಗಿದು ಒಣಗಿಸಿದ ತೊಗಲು. ಅದಕ್ಕೇ ದೀಪದ ಬೆಳಕು ಅದರೊಳಗೆ ಹಾಯುತ್ತದೆ. ಅಷ್ಟು ತೆಳ್ಳಗಿದ್ದು, ಅಷ್ಟು ತೂತು ಹೊಡೆದೂ ಹರಿಯುವುದಿಲ್ಲ ನೋಡಿ.

ನನ್ನ ಪ್ರಶ್ನೆ ಬೇರೆ. ಈ ಜಾಕೆಟ್‌ಗಳು ಗಂಡಸರಿಗೆ ಮಾತ್ರವಾ? ನನಗೆ ಎ-2 ಬಹಳ ಇಷ್ಟ. ಅಂಗಡಿಯಲ್ಲಿ ‘ಲೇಡೀಸ್’ ಅಂತ ಕೊಡುವುದಕ್ಕೆ ಸೊಂಟದಲ್ಲಿ ಡಾರ್ಟ್ (ಮೈಗೆ ಬಿಗಿಯಾಗಲು ಮಡಚಿ ಹಾಕುವ ಹೊಲಿಗೆ), ಕಿಸೆ ಡಮ್ಮಿ. ಅದು ಬೇಡ.

ಮಸ್ಕಿ ಮೇಷ್ಟ್ರು

ಅಕ್ಕಾ, ಧಾರಾಳವಾಗಿ ಹಾಕಿಕೊಳ್ಳಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದಲ್ಲಿ ವಾಸ್ಪ್ ಅಂತ ಹೆಣ್ಣುಮಕ್ಕಳ ಪೈಲಟ್ ದಳ ಇತ್ತು, 1943–44ರಲ್ಲಿ. ಕಾರ್ಖಾನೆಯಿಂದ ವಿಮಾನ ತಂದು ಮುಟ್ಟಿಸುವುದು, ಗುರಿ ಅಭ್ಯಾಸಕ್ಕೆ ಬಟ್ಟೆಯ ಗುರಿ ಎಳೆದುಕೊಂಡು ಹಾರುವುದು, ಇಂಥ ಕೆಲಸ ಮಾಡಿದವರು. ಅವರೂ ಎ-2 ಹಾಕುತ್ತಿದ್ದರು, ಎದೆಯ ಮೇಲೆ ಫಿಫಿನೆಲ್ಲಾ ಅನ್ನುವ ರೆಕ್ಕೆಯ ಪುಟ್ಟ ಹುಡುಗಿಯ ಚಿತ್ರ. ಆ ಚಿತ್ರ ಬರೆದುಕೊಟ್ಟಿದ್ದು ಡಿಸ್ನಿ.

ನಮ್ಮ ದೇಶಕ್ಕೂ ಈ ಜಾಕೆಟ್‌ಗಳಿಗೂ ಇರುವ ನಂಟಿನ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. 1942ರಿಂದ ಅಸ್ಸಾಮಿನ ವಿಮಾನ ನಿಲ್ದಾಣಗಳಿಂದ ಹಿಮಾಲಯದ ಪೂರ್ವದ ತುದಿ ದಾಟಿ ಚೀನಾದ ಕುನ್ಮಿಂಗ್‌ಗೆ ಸಾಮಾನು ಸಾಗಿಸುತ್ತಿದ್ದರು. ಪೈಲಟ್‌ಗಳು ಆ ದಾರಿಯನ್ನು ‘ಹಂಪ್’ ಅನ್ನುತ್ತಿದ್ದರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ವಾಲ್‌ಚಂದ್ ಹೀರಾಚಂದರು 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ್ದು, ಯುದ್ಧದ ಹೊತ್ತಿನಲ್ಲಿ ಅಮೆರಿಕದ ವಿಮಾನಗಳ ರಿಪೇರಿ ಡಿಪೋ ಆಗಿತ್ತು. ಇಲ್ಲಿದ್ದ ಸೈನಿಕರ ಜಾಕೆಟ್ಟಿನ ತೋಳಿನ ಮೇಲೆ ‘ಚೀನಾ–ಬರ್ಮಾ–ಇಂಡಿಯಾ’ ಬಿಲ್ಲೆ ಇರುತ್ತಿತ್ತು. ಕೆಂಪು-ಬಿಳಿ ಪಟ್ಟೆ, ಮೇಲೆ ನೀಲಿ, ನೀಲಿಯಲ್ಲಿ ಒಂದು ಕಡೆ ಚೀನಾದ ಸೂರ್ಯ, ಇನ್ನೊಂದು ಕಡೆ ಭಾರತದ ನಕ್ಷತ್ರ. ಅಂಥ ಎಷ್ಟೋ ಬಿಲ್ಲೆಗಳನ್ನು ಕಲ್ಕತ್ತೆಯಂಥ ಊರುಗಳ ಬಜಾರಿನಲ್ಲಿ ನಮ್ಮವರೇ ಮಾಡಿಕೊಟ್ಟರು. ಒಂದೊಂದು ಬಣ್ಣಕ್ಕೂ ಬೇರೆ ತೊಗಲಿನ ತುಂಡು ಕತ್ತರಿಸಿ, ಜೋಡಿಸಿ ಹೊಲಿದವು. ಇವತ್ತು ಸಂಗ್ರಹಕಾರರು ಹುಡುಕಿಕೊಂಡು ಬರುವುದು ಆ ಕೈಕೆಲಸಕ್ಕೆ. ಮಾಡಿದವರ ಹೆಸರು ಎಲ್ಲೂ ಇಲ್ಲ. ನನಗೆ ಅದು ಬೇಜಾರಿನ ಸಂಗತಿ.

ರಾಯಚೂರು ಥಂಡರ್

ಮೇಷ್ಟ್ರೇ, ಮೈ ಝುಮ್ಮೆಂದಿತು. ಹಾಗಾದರೆ ನನ್ನ ಜಾಕೆಟ್ಟಿಗೆ ಫ್ಲೈಯಿಂಗ್ ಟೈಗರ್ಸ್ ಬಿಲ್ಲೆ ಹಾಕಿಸುತ್ತೇನೆ. ಬೆನ್ನಿಗೆ ಚೀನಾ ಧ್ವಜ, ಕೆಳಗೆ ಚೀನೀ ಅಕ್ಷರ.

ಮಸ್ಕಿ ಮೇಷ್ಟ್ರು

ಬೇಡ ಅಂತ ನನ್ನ ಅಭಿಪ್ರಾಯ. ಧ್ವಜ, ಅಕ್ಷರ ಇರುವ ಆ ಬಟ್ಟೆಯ ತುಂಡು ಅಲಂಕಾರಕ್ಕೆ ಇಟ್ಟದ್ದಲ್ಲ. ವಿಮಾನ ಬಿದ್ದು ಭಾಷೆ ಬಾರದ ಹಳ್ಳಿಯಲ್ಲಿ ಸಿಕ್ಕಿಹಾಕಿಕೊಂಡರೆ, ‘ಈತ ಯುದ್ಧದಲ್ಲಿ ನಮಗೆ ನೆರವಾಗಲು ಬಂದವನು, ಇವನನ್ನು ಕಾಪಾಡಿ’ ಅಂತ ಊರವರಿಗೆ ಹೇಳುವ ಚೀಟಿ ಅದು. ಪ್ರಾಣಕ್ಕೆ ಇದ್ದ ಗ್ಯಾರಂಟಿ. ಫ್ಲೈಯಿಂಗ್ ಟೈಗರ್ಸ್ ಅಂದರೆ ಚೀನಾದ ಪರ ಹಾರಿದ ಅಮೆರಿಕದ ಸ್ವಯಂಸೇವಕ ಪೈಲಟ್‌ಗಳು. ಶೆನ್ನಾಲ್ಟ್ ಅವರ ಮುಂದಾಳತ್ವದ ಆ ದಳ 1941ರ ಡಿಸೆಂಬರ್ 20ರಂದು ಕುನ್ಮಿಂಗ್ ಮೇಲೆ ಮೊದಲ ಕಾಳಗ ಮಾಡಿತು. ಆ ಹುಡುಗರು ಅದನ್ನು ಹಾಕಿಕೊಳ್ಳಲು ಕಾರಣ ಇತ್ತು.

ಸಿಂಧನೂರು

ಮೇಷ್ಟ್ರು ಹೇಳಿದ್ದನ್ನು ಒಪ್ಪುವುದಿಲ್ಲ, ಕ್ಷಮೆ ಇರಲಿ. ಇಷ್ಟಪಟ್ಟು, ಕತೆ ತಿಳಿದು ಹಾಕಿದರೆ ಅದೂ ಒಂದು ಗೌರವವೇ. ಹಾಕಿದ್ದನ್ನು ಕಂಡು ನಾಲ್ಕು ಜನ ಏನು ಅಂತ ಕೇಳುತ್ತಾರೆ, ಆಗ ಕತೆ ಹೇಳಬಹುದು.

ಕೋಟೆಗುಡ್ಡ, ಬಳ್ಳಾರಿ

ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ಮಾತ್ರ ಖಾಲಿ ಎ-2ವನ್ನೇ ಮೆಚ್ಚುವವನು. ಬಿಲ್ಲೆ ಜಾಸ್ತಿ ಆದರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಭುಜದ ಕಟಿಂಗ್ ನೋಡುವವರೇ ಇಲ್ಲ. ಕಾರ್ಖಾನೆಯಲ್ಲೇ ಉಜ್ಜಿ ಹಳೆಯದು ಮಾಡಿದ ಜಾಕೆಟ್ಟೂ ನನಗೆ ಸೇರುವುದಿಲ್ಲ. ಮೊಣಕೈ ಮಡಿಕೆ ನಿಮ್ಮ ಮೊಣಕೈ ಇರುವ ಕಡೆ ಬೀಳಬೇಕು, ಯಾರದೋ ಮೊಣಕೈ ಇದ್ದ ಕಡೆ ಅಲ್ಲ.

ಗಂಗಾವತಿ ಗಾಳಿ

ಸಹಾಯ ಬೇಕು. ಸೆಕೆಂಡ್ ಹ್ಯಾಂಡ್ ಬಟ್ಟೆ ಮಾರುವ ಕಡೆ ಒಂದು ಹಳೇ ಕಂದು ಜಾಕೆಟ್ ಸಿಕ್ಕಿತು. ಕಾಲರ್ ಮೇಲೆ ಉಣ್ಣೆ ತುಪ್ಪಳ. ಬೆನ್ನಿನಲ್ಲಿ ಭುಜದ ಹಿಂದೆ ಎರಡೂ ಕಡೆ ಮಡಿಕೆ, ಕೈ ಮುಂದೆ ಚಾಚಿದರೆ ಬಿಚ್ಚಿಕೊಳ್ಳುತ್ತದೆ. ಒಳಗೆ ಬಟ್ಟೆಯ ಲೇಬಲ್, ಅಕ್ಷರ ಅರ್ಧ ಅಳಿಸಿದೆ. ‘ಮಿಲ್-ಜೆ-78..’ ಅಷ್ಟು ಓದಬಹುದು. ಏನಿದು?

ಕೋಟೆಗುಡ್ಡ, ಬಳ್ಳಾರಿ

ಅಯ್ಯೋ, ಅದನ್ನು ಯಾರಿಗೂ ಕೊಡಬೇಡಿ! ಲೇಬಲ್ ಅಸಲಿಯಾಗಿದ್ದರೆ ಅದು ಅಮೆರಿಕದ ನೌಕಾದಳದ ಜಿ-1. ‘ಮಿಲ್-ಜೆ-7823’ ಅನ್ನುವುದು ಅದರ ನಿಯಮಾವಳಿ ಸಂಖ್ಯೆ. ಮುಂದೆ ಎ, ಬಿ, ಸಿ, ಡಿ, ಇ ಅಂತ ಅಕ್ಷರ ಇದ್ದರೆ ಅದು ತಿದ್ದುಪಡಿಯ ಗುರುತು, ಅಕ್ಷರ ಮುಂದೆ ಹೋದಷ್ಟೂ ಜಾಕೆಟ್ ಹೊಸದು. ಜಿಪ್ಪಿನ ಹಿಂದಿನ ಲೆದರ್ ಪಟ್ಟಿಯನ್ನು ಬೆಳಕಿಗೆ ಹಿಡಿಯಿರಿ. ಸಣ್ಣ ತೂತುಗಳಲ್ಲಿ ‘ಯುಎಸ್ಎನ್’ ಅಂತ ಹೊಡೆದಿರಬಹುದು. ಜಿಪ್ಪಿನ ಎಳೆಯುವ ತುಂಡಿನ ಮೇಲೆ ಯಾವ ಹೆಸರಿದೆ ನೋಡಿ, ಟ್ಯಾಲನ್, ಕಾನ್ಮಾರ್, ಸ್ಕೋವಿಲ್ ಇವೆಲ್ಲ ಆ ಕಾಲದ ಹೆಸರುಗಳು. ತುಪ್ಪಳದ ಬುಡ ಬಿಡಿಸಿ ನೋಡಿ. ತೊಗಲು ಕಂಡರೆ ನಿಜವಾದ ಕುರಿ ಉಣ್ಣೆ, ಬಟ್ಟೆಯ ನೆಯ್ಗೆ ಕಂಡರೆ ಸಿಂಥೆಟಿಕ್. ಸಿಂಥೆಟಿಕ್ ಕಾಲರ್ ಬಂದದ್ದು ಆಮೇಲೆ.

ಬೆನ್ನಿನ ಆ ಮಡಿಕೆಯೇ ಜಿ-1ರ ಜೀವ. ಎ-2ರಲ್ಲಿ ಕೈ ಮುಂದೆ ಚಾಚಿದರೆ ಬೆನ್ನು ಬಿಗಿಯುತ್ತದೆ. ಜಿ-1ರಲ್ಲಿ ಕಂಕುಳಲ್ಲೂ ಒಂದು ಹೆಚ್ಚುವರಿ ತುಂಡು ಇಟ್ಟಿದ್ದಾರೆ, ಕೈ ಮೇಲೆತ್ತಿದರೂ ಜಾಕೆಟ್ ಮೇಲೆ ಬರುವುದಿಲ್ಲ. ಬೈಕ್ ಓಡಿಸುವವರಿಗೆ ನನ್ನ ಸಲಹೆ ಯಾವಾಗಲೂ ಜಿ-1. ಆದರೆ ಇದರಲ್ಲಿ ಭುಜಕ್ಕೂ ಮೊಣಕೈಗೂ ಪ್ಯಾಡ್ ಇಲ್ಲ ಅನ್ನುವುದು ನೆನಪಿರಲಿ. ಹೈವೇಗೆ ಪ್ಯಾಡ್ ಇರುವ ರೈಡಿಂಗ್ ಜಾಕೆಟ್ ಬೇರೆಯೇ ಇಟ್ಟುಕೊಳ್ಳಿ.

ಗಂಗಾವತಿ ಗಾಳಿ

ತೂತಿನ ಅಕ್ಷರ ಇವೆ!! ಬುಡದಲ್ಲಿ ತೊಗಲೂ ಇದೆ. ಜಿಪ್ ಮೇಲೆ ಕಾನ್ಮಾರ್. ಆದರೆ ಮೈಯೆಲ್ಲ ಒಣಗಿ ಬಿರುಸಾಗಿದೆ. ಅಜ್ಜಿ ಹರಳೆಣ್ಣೆ ಹಚ್ಚು ಅನ್ನುತ್ತಿದ್ದಾರೆ. ಹಚ್ಚಲಾ?

ಸೂಜಿ ನಂಬರ್ 21

ತಡೆಯಿರಿ, ತಡೆಯಿರಿ. ಹರಳೆಣ್ಣೆ ಚಪ್ಪಲಿಗೆ, ಎತ್ತಿನ ಮಿಣಿಗೆ ಸರಿ. ಅವು ದಪ್ಪ ತೊಗಲು, ಎಣ್ಣೆ ಕುಡಿಯುತ್ತವೆ. ಜಾಕೆಟ್ ತೊಗಲು ಒಂದು ಮಿಲಿಮೀಟರ್ ಆಸುಪಾಸು. ಅದಕ್ಕೆ ಎಣ್ಣೆ ಸುರಿದರೆ ಕಪ್ಪಾಗುತ್ತದೆ, ಜೋಲುತ್ತದೆ, ಅಸ್ತರಿಗೆ ಇಳಿಯುತ್ತದೆ, ಧೂಳು ಹಿಡಿಯುತ್ತದೆ. ಹಳೇ ದಾರಕ್ಕೂ ಒಳ್ಳೆಯದಲ್ಲ.

ಮೊದಲು ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಲು ಬಿಡಿ. ಆಮೇಲೆ ಒಳ್ಳೆಯ ಲೆದರ್ ಕಂಡಿಷನರ್ ಬಟಾಣಿ ಕಾಳಿನಷ್ಟು ತೆಗೆದು, ಕಾಣದ ಜಾಗದಲ್ಲಿ, ಕಾಲರ್ ಅಡಿಯಲ್ಲಿ ಹಚ್ಚಿ ಒಂದು ದಿನ ಬಿಡಿ. ಬಣ್ಣ ಸರಿ ಇದ್ದರೆ ಉಳಿದ ಕಡೆ ತೆಳ್ಳಗೆ. ಒಂದೇ ದಿನ ಮೆತ್ತಗೆ ಮಾಡುವ ಆಸೆ ಬೇಡ. ಒಣಗಿದ ತೊಗಲನ್ನು ಗಟ್ಟಿಯಾಗಿ ಮಡಚಿದರೆ ಸೀಳುತ್ತದೆ, ಸೀಳಿದ್ದಕ್ಕೆ ಮದ್ದಿಲ್ಲ.

ಉಜ್ಜಿದಾಗ ಕೈಗೆ ಕೆಂಪು ಪುಡಿ ಹತ್ತುತ್ತಿದೆಯಾ? ಗಿಡದ ತೊಗಟೆಯಿಂದ ಹದ ಮಾಡಿದ ಹಳೇ ತೊಗಲಿಗೆ ಆ ರೋಗ ಬರುತ್ತದೆ. ಬಂದಿದ್ದರೆ ಹಾಕಿಕೊಳ್ಳಬೇಡಿ, ಹಾಗೇ ಇಟ್ಟು ನೋಡಿ ಖುಷಿಪಡಿ.

ಗಂಗಾವತಿ ಗಾಳಿ

ಪುಡಿ ಇಲ್ಲ. ಅಜ್ಜಿಗೆ ಹೇಳಿದೆ, ಒಪ್ಪಿದರು.

ಕುಷ್ಟಗಿ ಕಂಬಳಿ

ತೊಗಟೆಯ ಹದ ಅಂದಿರಲ್ಲ, ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ತಂಗಡಿ ಗಿಡದ ತೊಗಟೆ ಅದಕ್ಕೇ ಹೋಗುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ.

ಮಸ್ಕಿ ಮೇಷ್ಟ್ರು

ಸರಿಯಾಗಿ ಹೇಳಿದ್ದಾರೆ. ಹಳದಿ ಹೂವಿನ ಅದೇ ತಂಗಡಿ, ಜೊತೆಗೆ ಅಳಲೆಕಾಯಿ. ದಕ್ಷಿಣ ಭಾರತದ ಆಡು, ಕುರಿ ತೊಗಲು ಈ ಹದದಲ್ಲಿ ಮದರಾಸಿನಿಂದ ಹಡಗು ಹತ್ತುತ್ತಿತ್ತು. ಈಸ್ಟ್ ಇಂಡಿಯಾ ಲೆದರ್ ಅಂತ ಲೋಕದ ಮಾರುಕಟ್ಟೆಯಲ್ಲಿ ಹೆಸರು. ಈಗ ಹೆಚ್ಚಿನ ಜಾಕೆಟ್ ತೊಗಲು ಕ್ರೋಮ್ ಹದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಬೇಗ ಆಗುತ್ತದೆ, ಮೆತ್ತಗಿರುತ್ತದೆ, ನೀರಿಗೂ ತಡೆಯುತ್ತದೆ. ತೊಗಟೆ ಹದದ್ದು ಮೊದಲು ಬಿರುಸು, ಆದರೆ ವರ್ಷ ಕಳೆದಂತೆ ಬಣ್ಣ ಏರುವ ಚೆಂದ ಅದಕ್ಕೇ ಇದೆ.

ಸಿಂಧನೂರು

ಹೊಸಬರಿಗೆ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ‘ಪ್ಯೂರ್ ಲೆದರ್ ಬಾಂಬರ್’ ಅಂತ ಎರಡು ಸಾವಿರಕ್ಕೆ ಸಿಗುವುದು ಪಿಯು, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ. ನನ್ನ ಗೆಳೆಯನದು ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕಾಲರ್‌ನಿಂದ ಸಿಪ್ಪೆ ಸಿಪ್ಪೆಯಾಗಿ ಉದುರಿತು. ಕತ್ತರಿಸಿದ ಅಂಚು ಎಲ್ಲಾದರೂ ಕಾಣುತ್ತದಾ ನೋಡಿ, ನಾರು ನಾರಾಗಿದ್ದರೆ ತೊಗಲು, ಬಟ್ಟೆಯ ಎಳೆ ಕಂಡರೆ ವಾಪಸ್ ಕೊಡಿ.

ಗೊಂಬೆತೊಗಲು

ಅಂದ ಹಾಗೆ ಯುದ್ಧಕಾಲದ ಎ-2 ಕುದುರೆ ತೊಗಲಿನದು ಅಂತ ಓದಿದೆ. ಆಡಿನದು ಹೊಲಿಸಿದರೆ ಅದು ಎ-2 ಆಗುತ್ತದಾ?

ಕೋಟೆಗುಡ್ಡ, ಬಳ್ಳಾರಿ

ಆಗುತ್ತದೆ ಅಕ್ಕಾ. ಬಹುಪಾಲು ಕುದುರೆ ತೊಗಲು ನಿಜ, ಆದರೆ ಆಗಲೂ ಆಡಿನ ತೊಗಲಿನ ಎ-2 ಬಂದಿವೆ. 1943ರಲ್ಲಿ ಸೇನೆ ಲೆದರ್ ಜಾಕೆಟ್ ಕೊಳ್ಳುವುದನ್ನು ನಿಲ್ಲಿಸಿ ಬಟ್ಟೆಯ ಜಾಕೆಟ್ಟಿಗೆ ಹೋಯಿತು. ಮುಂದೆ 1988ರಲ್ಲಿ ಅಮೆರಿಕದ ವಾಯುಪಡೆ ಎ-2ವನ್ನು ವಾಪಸ್ ತಂದಾಗ ಆರಿಸಿದ್ದು ಆಡಿನ ತೊಗಲನ್ನೇ. ಜಿ-1 ಅಂತೂ ಹುಟ್ಟಿದ್ದೇ ಅದರಲ್ಲಿ. ಹತ್ತಿರ ಹಿಡಿದು ನೋಡಿ, ಮೇಲ್ಮೈ ನವಣೆ ಕಾಳು ಹರಡಿದ ಹಾಗೆ ಇರುತ್ತದೆ. ಗೀರು ಬಿದ್ದರೂ ಕಾಣುವುದಿಲ್ಲ. ತೂಕ ಕಡಿಮೆ. ನಮ್ಮ ಕಡೆಯ ಚಳಿಗೆ ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ.

ಸೂಜಿ ನಂಬರ್ 21

ಹಾಗಾದರೆ ಕೆಲಸದ ಮಾತಿಗೆ ಬರೋಣ. ಆಡಿನ ಒಂದು ತೊಗಲು ಐದಾರು ಚದರಡಿ. ಒಂದು ಜಾಕೆಟ್ಟಿಗೆ ಹಲವು ತೊಗಲು ಬೇಕು, ಎಲ್ಲದರ ಬಣ್ಣ, ಕಾಳು ಹೊಂದಬೇಕು. ಬೆನ್ನಿಗೆ ಇರುವುದರಲ್ಲೇ ದೊಡ್ಡದನ್ನು ಎತ್ತಿಡಬೇಕು, ಆಡಿನ ಬೆನ್ನುಮೂಳೆಯ ಗೆರೆ ಜಾಕೆಟ್ ಬೆನ್ನಿನ ನಟ್ಟನಡುವೆ ಬರುವಂತೆ. ಹೊಟ್ಟೆ ಭಾಗ ಹಿಗ್ಗುತ್ತದೆ, ಅದನ್ನು ಒಳಪಟ್ಟಿಗೆ ಮಾತ್ರ. ತಮಿಳುನಾಡಿನ ರಾಣಿಪೇಟೆಯ ಕಡೆಯಿಂದ ಮಾದರಿ ತುಂಡು ತರಿಸುತ್ತೇನೆ.

ಮೊದಲು ತೊಗಲಿಗೆ ಕತ್ತರಿ ಹಾಕುವುದಿಲ್ಲ. ದಪ್ಪ ಡೆನಿಮ್‌ನಲ್ಲಿ ಒಂದು ಎ-2 ಹೊಲಿದು, ತೊಡಿಸಿ, ಬೈಕ್ ಮೇಲೆ ಕೂರಿಸಿ ನೋಡುತ್ತೇನೆ. ಭುಜ, ಕಂಕುಳು ಸರಿ ಬಂದ ಮೇಲೆ ತೊಗಲು. ಉಣ್ಣೆಯ ನಿಟ್ ಮುಂಗೈಪಟ್ಟಿ ಇಲ್ಲಿ ಸಿಗುವುದಿಲ್ಲ, ಲುಧಿಯಾನಾ ಕಡೆ ವಿಚಾರಿಸಬೇಕು. ಅಕ್ರಿಲಿಕ್ ಬೇಡ, ಅದು ಒಂದೇ ವರ್ಷಕ್ಕೆ ಸಡಿಲಾಗುತ್ತದೆ.

ರಾಯಚೂರು ಥಂಡರ್

ನನ್ನ ಅಳತೆ ತೆಗೆದುಕೊಳ್ಳಿ ಅಣ್ಣಾ. ಬಿ-3 ಬಿಟ್ಟೆ, ಎ-2 ಮಾಡಿಸುತ್ತೇನೆ. ಬಿಲ್ಲೆ ವಿಷಯ ಆಮೇಲೆ ನೋಡುತ್ತೇನೆ.

ಗೊಂಬೆತೊಗಲು

ನನ್ನದೂ. ಡಾರ್ಟ್ ಬೇಡ, ಕಿಸೆ ನಿಜವಾದದ್ದೇ ಇರಲಿ.

ಸೂಜಿ ನಂಬರ್ 21

ಸರಿ. ಇಬ್ಬರೂ ತೆಳ್ಳಗಿನ ಅಂಗಿ ಹಾಕಿಕೊಂಡು ಅಳತೆ ಕೊಡಿ, ಸ್ವೆಟರ್ ಮೇಲೆ ಬೇಡ. ಎದೆ ಸುತ್ತು, ಒಂದು ಭುಜದ ತುದಿಯಿಂದ ಇನ್ನೊಂದು ಭುಜದ ತುದಿ, ಕೊರಳ ಹಿಂದಿನ ಮೂಳೆಯಿಂದ ಸೊಂಟ, ಮತ್ತೆ ಮೊಣಕೈ ಮಡಚಿ ಹ್ಯಾಂಡಲ್ ಹಿಡಿದ ಹಾಗೆ ಇಟ್ಟು ತೋಳಿನ ಉದ್ದ. ಇಂಚಿನಲ್ಲಿ ಬರೆಯಿರಿ. ಡೆನಿಮ್ ಮಾದರಿ ಆದ ಕೂಡಲೇ ಫೋಟೋ ಇಲ್ಲೇ ಹಾಕುತ್ತೇನೆ.